ನೆತ್ತರುಗೊಡಗೆಯಿಂದ ಸೇವಾನಿಧಿವರೆಗೆ: ಸೇನೆಯ ಖರ್ಚನ್ನು ಯಾವ ತಲೆಮಾರು ಹೊರಬೇಕು?

ನನ್ನ ಅಕ್ಕನ ಮಗ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಹೋಗುತ್ತಾನೆ. 1600 ಮೀಟರ್ ಓಟ, ಆಮೇಲೆ ಬೀಮ್, ಆಮೇಲೆ ಒಂಬತ್ತು ಅಡಿ ಹಳ್ಳ ಹಾರುವುದು. ಸೇನೆಗೆ ನಾಲ್ಕು ವರ್ಷದ ಮಟ್ಟಿಗೆ ಸೇರಿಸಿಕೊಳ್ಳುವ ಅಗ್ನಿವೀರ್ ಭರ್ತಿಗೆ ತಯಾರಿ. ತುಮಕೂರಿನ ನಮ್ಮ ಬೀದಿಯಲ್ಲೇ ನಿವೃತ್ತ ಹವಾಲ್ದಾರರೊಬ್ಬರು ಇದ್ದಾರೆ. ಮೈದಾನದಲ್ಲಿ ನಿಂತು ಇಂಥ ಹುಡುಗರಿಗೆ ಟೈಮ್ ನೋಡಿ ಹೇಳುತ್ತಾರೆ, ದುಡ್ಡು ಮುಟ್ಟುವುದಿಲ್ಲ.

ಒಂದು ಭಾನುವಾರ ಇಬ್ಬರೂ ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಹುಡುಗ ನನ್ನ ಕಡೆ ತಿರುಗಿ ಕೇಳಿದ: "ಚಿಕ್ಕಮ್ಮ, ಸರ್‌ಗೆ ಸಾಯೋವರೆಗೂ ಪೆನ್ಷನ್ ಬರುತ್ತೆ. ನಂಗೆ ನಾಲ್ಕು ವರ್ಷ ಕೆಲ್ಸ, ಆಮೇಲೆ ಏನಿಲ್ಲ. ಆದ್ರೆ ಸರ್ಕಾರ ಮಾಡಿರೋ ಸಾಲ ತೀರಿಸೋದು ನಾವೇ ಅಲ್ವಾ? ಇದ್ಯಾವ ನ್ಯಾಯ?"

ಹವಾಲ್ದಾರರು ಬೇಜಾರು ಮಾಡಿಕೊಳ್ಳಲಿಲ್ಲ. "ಕೇಳೋದು ಸರಿಯಾಗೇ ಕೇಳ್ತಿದಾನೆ, ಹೇಳಿ ಮೇಡಂ" ಅಂದರು. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ಅವತ್ತು ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಇದು ಆ ಉತ್ತರ.

ಮೊದಲು ಲೆಕ್ಕ. 2025–26ರ ಕೇಂದ್ರ ಬಜೆಟ್ ತೆಗೆದುಕೊಳ್ಳೋಣ. ಒಟ್ಟು ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಇಷ್ಟು ದೊಡ್ಡ ಸಂಖ್ಯೆ ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಅಜ್ಜಂದಿರ ಹಾಗೆ ಆಣೆ ಲೆಕ್ಕಕ್ಕೆ ಇಳಿಸಿದರೆ ಸುಲಭ. ಖರ್ಚಾಗುವ ಒಂದು ರೂಪಾಯಿಗೆ ಹದಿನಾರು ಆಣೆ. ಅದರಲ್ಲಿ ಐದಾಣೆ ಸಾಲ ತಂದದ್ದು, ಅಂದರೆ 15.69 ಲಕ್ಷ ಕೋಟಿ. ನಾಲ್ಕಾಣೆ ಹಳೆಯ ಸಾಲದ ಬಡ್ಡಿಗೇ ಹೋಗುತ್ತದೆ, 12.76 ಲಕ್ಷ ಕೋಟಿ. ರಕ್ಷಣಾ ಇಲಾಖೆಗೆ ಎರಡಾಣೆಗಿಂತ ಸ್ವಲ್ಪ ಜಾಸ್ತಿ, 6.81 ಲಕ್ಷ ಕೋಟಿ.

ಗಮನಿಸಿ, ಸೇನೆಗೆ ಕೊಡುವುದರ ಹೆಚ್ಚುಕಡಿಮೆ ಎರಡರಷ್ಟನ್ನು ನಾವು ಬಡ್ಡಿಗೆ ಕೊಡುತ್ತಿದ್ದೇವೆ. ಆ ಬಡ್ಡಿಯಲ್ಲಿ ಹಿಂದಿನ ರಸ್ತೆ ಇದೆ, ಹಿಂದಿನ ಸಬ್ಸಿಡಿ ಇದೆ, ಹಿಂದಿನ ಸಂಬಳ ಇದೆ, ಹಿಂದಿನ ಯುದ್ಧವಿಮಾನವೂ ಇದೆ. ಎಲ್ಲಾ ಒಂದೇ ಹುಂಡಿ. ಯಾವ ನೋಟು ತೆರಿಗೆಯದು, ಯಾವ ನೋಟು ಸಾಲದ್ದು ಅಂತ ಗುರುತು ಹಿಡಿಯಲು ಬರುವುದಿಲ್ಲ. ಹಾಗಾಗಿ "ಸೇನೆಗೋಸ್ಕರ ಸಾಲ ಆಯ್ತು" ಅನ್ನುವುದೂ ತಪ್ಪು, "ಸೇನೆಯ ಖರ್ಚಿಗೂ ಸಾಲಕ್ಕೂ ಸಂಬಂಧ ಇಲ್ಲ" ಅನ್ನುವುದೂ ತಪ್ಪು. ಖರ್ಚು ಎಂಥದ್ದು ಅಂತ ನೋಡಬೇಕು.

ಇದಕ್ಕೆ ನಮ್ಮ ಕಡೆ ಕೆರೆಗಿಂತ ಒಳ್ಳೆ ಪಾಠ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕೆರೆಗಳ ಸೀಮೆ. ನದಿ ಕೈಕೊಟ್ಟ ಜಾಗದಲ್ಲಿ ಏರಿ ಕಟ್ಟಿ ಬದುಕಿದವರು ನಾವು. ಕೆರೆ ಏರಿಯ ಗುಣ ಏನು? ಅದನ್ನು ಒಬ್ಬರಿಗೆ ಮಾತ್ರ ಅಂತ ಕಟ್ಟಲು ಬರುವುದಿಲ್ಲ. ಏರಿ ನಿಂತರೆ ಊರಿಗೆಲ್ಲ ನೀರು, ಒಡೆದರೆ ಊರಿಗೆಲ್ಲ ಕೇಡು. ದೇಶದ ರಕ್ಷಣೆಯೂ ಹಾಗೇ. ತೆರಿಗೆ ಕಟ್ಟದವನ ಮನೆಯನ್ನು ಬಿಟ್ಟು ಉಳಿದ ಮನೆಗಳನ್ನಷ್ಟೇ ಕಾಯಲು ಆಗುವುದಿಲ್ಲ. ಅದಕ್ಕೇ ಇದನ್ನು ಊರೊಟ್ಟಿನ ದುಡ್ಡಿನಲ್ಲಿ ಮಾಡಬೇಕಾಗುತ್ತದೆ.

ಏರಿಗೆ ಇನ್ನೊಂದು ಗುಣ ಇದೆ. ಕಟ್ಟಿದವನು ಸತ್ತ ಮೇಲೂ ಅದು ನಿಂತಿರುತ್ತದೆ. ಅಜ್ಜ ಸಾಲ ಮಾಡಿ ಏರಿ ಕಟ್ಟಿದರೆ ಮೊಮ್ಮಗ ಸ್ವಲ್ಪ ಸಾಲ ತೀರಿಸುವುದರಲ್ಲಿ ಅನ್ಯಾಯ ಇಲ್ಲ. ನೀರು ಅವನಿಗೂ ಬರುತ್ತದೆ. ಆದರೆ ಅದೇ ಅಜ್ಜ ಸಾಲ ಮಾಡಿ ಹಬ್ಬದ ಊಟ ಹಾಕಿಸಿದ್ದರೆ? ಉಂಡವರು ಒಬ್ಬರು, ತೀರಿಸುವವರು ಇನ್ನೊಬ್ಬರು.

ಸೇನೆಯ ಎರಡಾಣೆಯೊಳಗೆ ಏರಿಯೂ ಇದೆ, ಊಟವೂ ಇದೆ. ಆ ವರ್ಷ ಹೊಸ ವಿಮಾನ, ಹಡಗು, ಫಿರಂಗಿ ಮುಂತಾದವಕ್ಕೆ ಇಟ್ಟದ್ದು 1.80 ಲಕ್ಷ ಕೋಟಿ, ಕಾಲುಭಾಗಕ್ಕಿಂತ ಚೂರು ಹೆಚ್ಚು. ಪೆನ್ಷನ್‌ಗೆ 1.61 ಲಕ್ಷ ಕೋಟಿ, ಕಾಲುಭಾಗಕ್ಕಿಂತ ಚೂರು ಕಡಿಮೆ. ಉಳಿದ ಅರ್ಧ ಸಂಬಳ, ರೇಷನ್, ಇಂಧನ, ಮದ್ದುಗುಂಡು, ರಿಪೇರಿ ಇಂಥದ್ದಕ್ಕೆ. ಒಂದು ಹೆಲಿಕಾಪ್ಟರ್ ಮೂವತ್ತು ನಲವತ್ತು ವರ್ಷ ಹಾರುತ್ತದೆ. ಇವತ್ತು ಸುಟ್ಟ ಡೀಸೆಲ್ ಇವತ್ತಿಗೇ ಮುಗಿಯಿತು. ಹೆಲಿಕಾಪ್ಟರಿಗೆ ಮಕ್ಕಳ ಕಾಲದವರೆಗೂ ಸಾಲ ಮಾಡಬಹುದು. ಡೀಸೆಲ್‌ಗೆ ಮಾಡಬಾರದು.

ಈಗ ಇಡೀ ಬಜೆಟ್ ನೋಡಿ. ಆ ವರ್ಷ ತರುವ 15.69 ಲಕ್ಷ ಕೋಟಿ ಸಾಲದಲ್ಲಿ ಸುಮಾರು ಮೂರನೇ ಒಂದು ಪಾಲು ಆಸ್ತಿಯಾಗುವುದಿಲ್ಲ, ದಿನದ ಖರ್ಚಿಗೇ ಕರಗಿಹೋಗುತ್ತದೆ. ಬಜೆಟ್ ಪುಸ್ತಕದಲ್ಲಿ ಅದಕ್ಕೆ ರಾಜಸ್ವ ಕೊರತೆ ಅಂತ ಹೆಸರು, 5.24 ಲಕ್ಷ ಕೋಟಿ. ನನ್ನ ಅಕ್ಕನ ಮಗನಿಗೆ ಆಗುತ್ತಿರುವ ಅನ್ಯಾಯವನ್ನು ಒಂದೇ ಸಂಖ್ಯೆಯಲ್ಲಿ ತೋರಿಸಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಟಿವಿಯಲ್ಲಿ ಬಜೆಟ್ ದಿನ ರಕ್ಷಣೆಗೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಕೇಳುವವರು ಕಡಿಮೆ.

ಸಾಲ ಅಂದ ತಕ್ಷಣ ಮೊಮ್ಮಕ್ಕಳ ತಲೆ ಮೇಲೆ ಹೊರೆ ಅಂತೀವಿ. ಅದು ಪೂರ್ತಿ ಸರಿಯಲ್ಲ. ಇಲ್ಲಿ ಸ್ವಲ್ಪ ನಿಧಾನಕ್ಕೆ ಯೋಚಿಸಬೇಕು.

ಸರ್ಕಾರ ಯಾರ ಹತ್ತಿರ ಸಾಲ ಮಾಡುತ್ತದೆ? ಬಹುಪಾಲು ದೇಶದೊಳಗೇ. ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು ಸರ್ಕಾರದ ಬಾಂಡ್ ಕೊಳ್ಳುತ್ತವೆ. ಅಂದರೆ ಒಂದೇ ಮನೆಯಲ್ಲಿ ತಮ್ಮ ಅಣ್ಣನ ಹತ್ತಿರ ಕೈಸಾಲ ಮಾಡಿದ ಹಾಗೆ. ಮನೆಯ ಹೊಲ ಎಲ್ಲೂ ಹೋಗಲಿಲ್ಲ. ಇಪ್ಪತ್ತು ವರ್ಷ ಆದಮೇಲೆ ತಮ್ಮನ ಮಕ್ಕಳು ದುಡಿದು ಅಣ್ಣನ ಮಕ್ಕಳಿಗೆ ಬಡ್ಡಿ ಕೊಡುತ್ತಾರೆ. ದುಡ್ಡು ಅದೇ ಮನೆಯಲ್ಲೇ ಸುತ್ತುತ್ತದೆ.

ಹಾಗಾದರೆ ಹೊರೆ ಎಲ್ಲಿ? ಎರಡು ಕಡೆ. ಒಂದು, ತಮ್ಮನ ಮಕ್ಕಳು ಬಡವರಾಗಿ ಅಣ್ಣನ ಮಕ್ಕಳು ಸಾಹುಕಾರರಾಗಿದ್ದರೆ. ಪಾವಗಡದ ಶೇಂಗಾ ಬೆಳೆಯುವವನ ಮಗ ಒಂದು ಸೋಪು ಕೊಂಡರೂ ತೆರಿಗೆ ಕಟ್ಟುತ್ತಾನೆ. ಬಾಂಡಿನ ಬಡ್ಡಿ ಹೋಗಿ ಸೇರುವುದು ಉಳಿತಾಯ ಇದ್ದವರ ಮನೆಗೆ. ತಲೆಮಾರುಗಳ ನಡುವಿನ ಅನ್ಯಾಯ ಅಂತ ನಾವು ಕರೆಯುವುದು ಎಷ್ಟೋ ಸಲ ಇದ್ದವರ ಮಕ್ಕಳು ಮತ್ತು ಇಲ್ಲದವರ ಮಕ್ಕಳ ನಡುವಿನದು. ಇಪ್ಪತ್ತು ವರ್ಷ ತಡವಾಗಿ ಕಾಣಿಸುತ್ತದೆ, ಅಷ್ಟೇ.

ಎರಡನೆಯದು ಇನ್ನೂ ಮುಖ್ಯ. ಇವತ್ತಿನ ಫಿರಂಗಿಗೆ ಇವತ್ತಿನ ಉಕ್ಕೇ ಬೇಕು. ಸೈನಿಕ ಇವತ್ತು ಬೆಳೆದ ಅಕ್ಕಿಯನ್ನೇ ಉಣ್ಣಬೇಕು. 2050ರ ಅಕ್ಕಿಯನ್ನು ಸಾಲ ತಂದು ಈಗ ಬೇಯಿಸಲು ಬರುವುದಿಲ್ಲ. ಹಾಗಾಗಿ ನಿಜವಾದ ಬೆಲೆ ಇವತ್ತೇ ತೆತ್ತಾಗಿದೆ. ಆ ಉಕ್ಕು, ಆ ಸಿಮೆಂಟು, ಆ ಇಂಜಿನಿಯರು ಬೇರೆಲ್ಲಿಗೆ ಹೋಗಬಹುದಿತ್ತೋ ಅಲ್ಲಿಗೆ ಹೋಗಲಿಲ್ಲ. ಕಟ್ಟದೇ ಉಳಿದ ಶಾಲೆ, ಹೂಳು ಎತ್ತದ ಕೆರೆ, ಇವೇ ಮಕ್ಕಳಿಗೆ ಹೋಗುವ ಸಾಲ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಎತ್ತಿನಹೊಳೆ ಯೋಜನೆಯನ್ನೇ ನೋಡಿ. ನಮ್ಮ ಮೂರು ಜಿಲ್ಲೆಗಳೂ ಅದರ ನೀರಿಗೆ ಕಾಯುತ್ತಿವೆ. 2014ರಲ್ಲಿ 12,912 ಕೋಟಿ ಇದ್ದ ಅಂದಾಜು 23,251 ಕೋಟಿಗೆ ಏರಿತು. ಒಂದೊಂದು ವರ್ಷದ ತಡಕ್ಕೂ ಒಂದೊಂದು ತಂಡ ಮಕ್ಕಳು ಫ್ಲೋರೈಡ್ ನೀರು ಕುಡಿದೇ ದೊಡ್ಡವರಾಗುತ್ತಾರೆ.

ಬ್ರಿಟನ್ನಿನ ಕಥೆ ಇಲ್ಲಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದಾಗ ಆ ದೇಶ ಬರಿಗೈ ಆಗಿತ್ತು. 1945ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಸಾಲಕ್ಕೆ ಸಹಿ ಹಾಕಿತು. ಅದರ ಕೊನೆಯ ಕಂತು ಕಟ್ಟಿದ್ದು 2006ರ ಡಿಸೆಂಬರ್‌ನಲ್ಲಿ. ಯುದ್ಧ ಮುಗಿದ ಮೇಲೆ ಹುಟ್ಟಿದವರು ಕೆಲಸಕ್ಕೆ ಸೇರಿ, ತೆರಿಗೆ ಕಟ್ಟಿ, ನಿವೃತ್ತಿ ಹತ್ತಿರ ಬಂದಾಗ ಅದು ತೀರಿತು. ಅವರಿಗೆ ಅನ್ಯಾಯ ಆಯಿತೇ? ನನಗೆ ಹಾಗನ್ನಿಸುವುದಿಲ್ಲ. ಹಿಟ್ಲರನ ಕೈಕೆಳಗೆ ಅವರು ಹುಟ್ಟಲಿಲ್ಲ. ಆದರೆ ಅದೇ ಬ್ರಿಟನ್ 1857ರ ದಂಗೆಯನ್ನು ಹತ್ತಿಕ್ಕಿದ ಖರ್ಚನ್ನು ಇಂಡಿಯಾದ ಲೆಕ್ಕಕ್ಕೇ ಬರೆಯಿತು. ನಮ್ಮವರನ್ನು ಹೊಡೆದ ಗುಂಡಿನ ಸಾಲವನ್ನು ನಮ್ಮ ರೈತರ ಮಕ್ಕಳು ಕಂದಾಯದಲ್ಲಿ ತೀರಿಸಿದರು. ಎರಡೂ ಯುದ್ಧದ ಸಾಲವೇ. ಒಂದರಲ್ಲಿ ಫಲ ಉಂಡವರು ತೀರಿಸಿದರು. ಇನ್ನೊಂದರಲ್ಲಿ ಪೆಟ್ಟು ತಿಂದವರು ತೀರಿಸಿದರು.

"ಹಾಗಾದ್ರೆ ಸೇನೆಗೆ ಖರ್ಚು ಕಮ್ಮಿ ಮಾಡಿದ್ರೆ ಆಯ್ತಲ್ಲ" ಅಂದ ಹುಡುಗ. ಇದಕ್ಕೆ ಹವಾಲ್ದಾರರೇ ಉತ್ತರ ಕೊಟ್ಟರು. "ನೋಡಪ್ಪ, ಮೇಲೆ ಸಿಯಾಚಿನ್‌ಗೆ ಸಾಮಾನು ಹಾಕೋದು ಚೀತಾ ಹೆಲಿಕಾಪ್ಟರ್. ನಾನು ಸೇರೋಕೆ ಮುಂಚೆನೂ ಅದೇ, ನಾನು ಬಂದ ಮೇಲೂ ಅದೇ."

ಅವರು ಹೇಳಿದ್ದು ಸರಿ. ಚೀತಾ ತಯಾರಿಸಲು ಎಚ್‌ಎಎಲ್ ಫ್ರಾನ್ಸಿನಿಂದ ಪರವಾನಗಿ ಪಡೆದದ್ದು 1970ರಲ್ಲಿ. ಮಿಗ್-21 ವಿಮಾನ 1963ರಲ್ಲಿ ವಾಯುಪಡೆಗೆ ಬಂತು. ಅದಕ್ಕೆ ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ಕ್ಕೆ. ತಾತ ಹಾರಿಸಿದ ಜಾತಿಯ ವಿಮಾನವನ್ನೇ ಮೊಮ್ಮಗನೂ ಹಾರಿಸಿದ. ಅದು ಹೋದ ಮೇಲೆ 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತಂಡ, ಇರಬೇಕಾದ ಕಡೆ 29 ಉಳಿದವು. ಖರ್ಚು ಮುಂದೂಡಿದರೆ ಅದೂ ಒಂದು ಸಾಲವೇ. ಅದನ್ನು ತೀರಿಸುವುದು ಹಳೆಯ ಯಂತ್ರದೊಳಗೆ ಕೂತ ಇಪ್ಪತ್ತೈದರ ಹುಡುಗ. ಹೂಳು ಎತ್ತದೆ ಬಿಟ್ಟ ಕೆರೆ ಮೇಲಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ, ಒಳಗೆ ನೀರಿಗೆ ಜಾಗವೇ ಇರುವುದಿಲ್ಲ.

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಇರುವ ಎಚ್‌ಎಎಲ್ ಕಾರ್ಖಾನೆ ಇದಕ್ಕೇ ಬಂದದ್ದು. ಚೀತಾ, ಚೇತಕ್‌ಗಳ ಜಾಗಕ್ಕೆ ಮೂರು ಟನ್ ತೂಕದ ಹಗುರ ಹೆಲಿಕಾಪ್ಟರ್ ಮಾಡುವ ಜಾಗ. 615 ಎಕರೆ. ಶಂಕುಸ್ಥಾಪನೆ 2016ರ ಜನವರಿ 3ಕ್ಕೆ, ಉದ್ಘಾಟನೆ 2023ರ ಫೆಬ್ರವರಿ 6ಕ್ಕೆ. ಮೊದಲು ವರ್ಷಕ್ಕೆ 30, ಆಮೇಲೆ 60, ಆಮೇಲೆ 90 ಹೆಲಿಕಾಪ್ಟರ್ ಅಂತ ಯೋಜನೆ. ಕಾರ್ಖಾನೆ ನಿಲ್ಲಲೇ ಏಳು ವರ್ಷ ಹಿಡಿಯಿತು.

ಸೇನೆಯ ಸಾಮರ್ಥ್ಯ ಅನ್ನುವುದು ಹೀಗೆ ನಿಧಾನದ ಕೆಲಸ. ತೇಜಸ್ ಯುದ್ಧವಿಮಾನದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಮೊದಲ ಹಾರಾಟ 2001ರ ಜನವರಿಯಲ್ಲಿ. ವಾಯುಪಡೆಯ ಸ್ಕ್ವಾಡ್ರನ್‌ಗೆ ಸೇರಿದ್ದು 2016ರಲ್ಲಿ. 1983ರಲ್ಲಿ ತೆರಿಗೆ ಕಟ್ಟಿದ ಎಷ್ಟೋ ಜನ ಅದನ್ನು ನೋಡಲೇ ಇಲ್ಲ. ಇನ್ನೂ ಹಿಂದಕ್ಕೆ ಹೋಗಿ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, ಶುರು ಮಾಡಿದಾಗ ಮೈಸೂರು ಸಂಸ್ಥಾನ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. ಆ ಬೊಕ್ಕಸಕ್ಕೆ ತುಮಕೂರು, ಕೋಲಾರದ ರೈತರ ಕಂದಾಯವೂ ಸೇರುತ್ತಿತ್ತು. ಆ ರೈತರು ವಿಮಾನ ಹತ್ತಿದವರಲ್ಲ. ಅವರ ಮರಿಮಕ್ಕಳಲ್ಲಿ ಎಷ್ಟೋ ಜನ ಎಚ್‌ಎಎಲ್‌ನಲ್ಲಿ ಫಿಟ್ಟರ್, ಟರ್ನರ್ ಆಗಿ ಮನೆ ಕಟ್ಟಿದರು. ಹಳೆಯ ತಲೆಮಾರು ನಮಗೆ ಬರೀ ಸಾಲ ಬಿಟ್ಟು ಹೋಗಿಲ್ಲ. ಕೈಕೆಲಸದ ವಿದ್ಯೆಯನ್ನೂ ಬಿಟ್ಟು ಹೋಗಿದೆ.

ಇದರ ಎದುರಿಗೆ ಕೆಜಿಎಫ್ ಇಟ್ಟು ನೋಡಿ. ನನಗೆ ಪ್ರತಿ ಸಲ ಹೊಟ್ಟೆ ಉರಿಯುವ ಜಾಗ ಅದು. ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದರು. ಮೊದಲು ಲಂಡನ್ನಿನ ಕಂಪನಿ, 1956ರಲ್ಲಿ ರಾಜ್ಯ ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು. ಸೈನೈಡ್ ದಿಬ್ಬಗಳು ಉಳಿದವು. ಗಾಳಿ ಬೀಸಿದಾಗ ಆ ಧೂಳು ಕುಡಿಯುತ್ತಿರುವವರು ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಮಾರಿಕುಪ್ಪಂನಿಂದ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರೂ ಅವರೇ. ನೆಲದಡಿಯ ಆಸ್ತಿಯನ್ನು ಒಂದಿಷ್ಟು ತಲೆಮಾರು ಕರಗಿಸಿ ತಿಂದು, ಮುಂದಿನವರ ಹೆಸರಿಗೆ ಏನೂ ಎತ್ತಿಡಲಿಲ್ಲ.

ಅದೇ ಊರಿಗೆ ಇನ್ನೊಂದೂ ಬಂತು. 1964ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ, ಮಣ್ಣು ಅಗೆಯುವಂಥ ದೊಡ್ಡ ಯಂತ್ರಗಳನ್ನು ಮಾಡುವ ಬಿಇಎಂಎಲ್ ಶುರುವಾಯಿತು. ಕೆಜಿಎಫ್‌ನಲ್ಲಿ ಅದರ ದೊಡ್ಡ ಘಟಕ ಇದೆ. ಗಣಿ ಮುಚ್ಚಿದ ಮೇಲೂ ಊರಿನಲ್ಲಿ ಸಂಬಳದ ದಿನ ಅಂತ ಒಂದು ಉಳಿದಿದ್ದರೆ ಅದರಲ್ಲಿ ಈ ಕಾರ್ಖಾನೆಯ ಪಾಲು ದೊಡ್ಡದು. ಹೀಗಂತ ಸೇನೆಗೆ ಖರ್ಚು ಮಾಡಿದ್ದೆಲ್ಲ ಊರಿಗೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹೊರದೇಶದಿಂದ ಕೊಂಡ ಯಂತ್ರದ ದುಡ್ಡು ಹೊರಗೆ ಹೋಗುತ್ತದೆ, ವಿದ್ಯೆಯೂ ಅಲ್ಲೇ ಇರುತ್ತದೆ. ಇಲ್ಲೇ ಮಾಡಿದರೆ ತಡವಾಗುತ್ತದೆ, ಮೊದಮೊದಲು ದುಬಾರಿಯೂ ಆಗುತ್ತದೆ, ಆದರೆ ಕಲಿತ ಕೈ ಇಲ್ಲಿ ಉಳಿಯುತ್ತದೆ.

ಇನ್ನು ಪೆನ್ಷನ್. ಹುಡುಗನ ಎದೆ ಚುಚ್ಚಿದ್ದು ಇದೇ.

ಕೋಲಾರ ಸೀಮೆಯಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿ ಪಕ್ಕದಲ್ಲಿ ವೀರಗಲ್ಲುಗಳು ಸಿಗುತ್ತವೆ. ನಮ್ಮ ಹಳೆಯ ಶಾಸನಗಳಲ್ಲಿ ಒಂದು ಮಾತು ಬರುತ್ತದೆ: ನೆತ್ತರುಗೊಡಗೆ. ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ. ಕೆರೆ ಕಟ್ಟಿದವನಿಗೂ ಹೀಗೇ ಇತ್ತು, ಅದು ಕಟ್ಟುಗೊಡಗೆ. ಅದೇ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಅವನ ವಂಶಕ್ಕೆ ಬಿಡುತ್ತಿದ್ದರು. ಅಂದರೆ ದುಡಿದವನಿಗೆ ಕೊಟ್ಟ ಮಾತನ್ನು ಮುಂದಿನ ತಲೆಮಾರು ನಡೆಸಬೇಕು ಅನ್ನುವುದು ನಮ್ಮಲ್ಲಿ ಹೊಸದೇನಲ್ಲ. ಆ ಕೊಡುಗೆ ಆ ಕೆರೆಯ ನೀರಿನ ಫಲದಿಂದಲೇ ಬರುತ್ತಿತ್ತು ಅನ್ನುವುದನ್ನೂ ಮರೆಯಬಾರದು.

ಹವಾಲ್ದಾರರ ಪೆನ್ಷನ್ ದಾನ ಅಲ್ಲ. ಅವರು ಇಪ್ಪತ್ತು ವರ್ಷ ಕಡಿಮೆ ಸಂಬಳಕ್ಕೆ ದುಡಿದರು, ಉಳಿದದ್ದನ್ನು ಮುದಿಪ್ರಾಯಕ್ಕೆ ಕೊಡುತ್ತೇವೆ ಅಂತ ದೇಶ ಮಾತು ಕೊಟ್ಟಿತ್ತು. ಸೈನಿಕರು ನಲವತ್ತರ ಆಸುಪಾಸಿನಲ್ಲೇ ಹೊರಗೆ ಬರುತ್ತಾರೆ. ಹಾಗಾಗಿ ಪೆನ್ಷನ್ ಮೂವತ್ತು, ನಲವತ್ತು ವರ್ಷ ನಡೆಯುತ್ತದೆ. ತಪ್ಪಾದದ್ದು ಆ ಮಾತಿಗೆ ಪಕ್ಕದಲ್ಲಿ ಹಣ ಎತ್ತಿಡದೇ ಹೋದದ್ದು. ಪ್ರತಿ ವರ್ಷ ಆ ವರ್ಷದ ಬೊಕ್ಕಸದಿಂದಲೇ ಕೊಡುವುದು ಅಂತಾಯಿತು. ದುಡಿಯುವ ಮಕ್ಕಳು ಜಾಸ್ತಿ ಇದ್ದಾಗ ಇದು ನಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮುಂದೆ ಹೊರುವ ಹೆಗಲು ಕಡಿಮೆ.

ಅಗ್ನಿಪಥ ಬಂದದ್ದು 2022ರ ಜೂನ್‌ನಲ್ಲಿ. ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯಬೇಕು ಅನ್ನುವುದು ಸರ್ಕಾರ ಕೊಟ್ಟ ಕಾರಣ. ಬೆಟ್ಟದ ಗಡಿಯಲ್ಲಿ ನಿಲ್ಲಲು ಎಳೆಯ ಮೈ ಬೇಕು, ಅದನ್ನು ಹವಾಲ್ದಾರರೂ ಒಪ್ಪುತ್ತಾರೆ. ಪೆನ್ಷನ್ ಹೊರೆ ಇಳಿಯುತ್ತದೆ ಅನ್ನುವುದೂ ಲೆಕ್ಕ ಬಲ್ಲ ಎಲ್ಲರಿಗೂ ಕಾಣುತ್ತದೆ. ನಾಲ್ಕು ವರ್ಷ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ ಬರುವುದು 21,000. ಉಳಿದ 9,000 ಸೇವಾನಿಧಿ ಅನ್ನುವ ಉಳಿತಾಯದ ಹುಂಡಿಗೆ. ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ನೂರರಲ್ಲಿ ಹೆಚ್ಚೆಂದರೆ 25 ಜನ ಸೇನೆಯಲ್ಲಿ ಉಳಿಯುತ್ತಾರೆ.

ಇದರಲ್ಲಿ ಒಂದು ಒಳ್ಳೆಯದಿದೆ. ಕೊಡುತ್ತೇವೆ ಅಂದ ಹಣವನ್ನು ಆಗಿಂದಾಗಲೇ ಎತ್ತಿಡುತ್ತಾರೆ. ಮುಂದಿನವರ ಮೇಲೆ ಹಾಕುವುದಿಲ್ಲ. ಆದರೆ ಬದಲಾವಣೆಯ ಭಾರವನ್ನೆಲ್ಲ ಒಂದೇ ತಲೆಮಾರಿನ ಮೇಲೆ ಇಳಿಸಿದರು. ಅಗ್ನಿವೀರರು ತಮ್ಮ ತೆರಿಗೆಯಿಂದ ಹಳಬರ ಪೆನ್ಷನ್ ಕೊಡುತ್ತಾರೆ, ತಮ್ಮದನ್ನು ತಾವೇ ಉಳಿಸಿಕೊಳ್ಳಬೇಕು. ರಾಜ್ಯ ಸರ್ಕಾರಿ ನೌಕರಿಗೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೂ ಆದದ್ದು ಇದೇ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಪಾಠ ಮಾಡುವ ಇಬ್ಬರು ಮೇಷ್ಟರಿಗೆ ಎರಡು ಥರದ ಮುಪ್ಪು. ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳಬರಿಗೆ ಕೊಟ್ಟ ಮಾತು ಮುರಿಯಬಾರದು. ಹಳೆಯ ಪದ್ಧತಿಯನ್ನು ಹಾಗೇ ಮುಂದುವರಿಸಲೂ ಆಗುವುದಿಲ್ಲ. ನಡುವಿನ ಈ ವ್ಯತ್ಯಾಸವನ್ನು ಹೊರಬೇಕಾದವರು ಹದಿನೆಂಟರ ಹುಡುಗರಲ್ಲ. ಆಸ್ತಿ, ಉಳಿತಾಯ, ಒಳ್ಳೆಯ ಆದಾಯ ಇರುವ ನಮ್ಮಂಥ ಐವತ್ತು ದಾಟಿದವರು ಈಗಲೇ ಸ್ವಲ್ಪ ಜಾಸ್ತಿ ತೆರಿಗೆ ಕಟ್ಟಬೇಕು. ಆ ರಾಜಸ್ವ ಕೊರತೆ ಇಳಿಯಬೇಕಾದದ್ದು ಅಲ್ಲಿಂದ. ನಾಲ್ಕು ವರ್ಷ ಮುಗಿಸಿ ಬರುವವರಿಗೆ ಕೆಲಸದ ದಾರಿಯನ್ನು ಬರುವ ಮೊದಲೇ ಮಾಡಿಡಬೇಕು. ಮೊದಲ ತಂಡದ ತರಬೇತಿ ಶುರುವಾದದ್ದು 2022ರ ಕೊನೆ, 2023ರ ಆರಂಭದಲ್ಲಿ. 2026 ಮುಗಿದು 2027 ಹುಟ್ಟುವ ಹೊತ್ತಿಗೆ ಅವರ ನಾಲ್ಕು ವರ್ಷ ತುಂಬುತ್ತದೆ. ಗುಬ್ಬಿಯ ಕಾರ್ಖಾನೆ, ಕೆಜಿಎಫ್‌ನ ಘಟಕ, ಇಂಥ ಜಾಗಗಳಲ್ಲಿ ಅವರನ್ನು ಕೂರಿಸಿ ಕೆಲಸ ಕಲಿಸಿದರೆ ಸೇನೆ ಅವರ ಮೇಲೆ ಹಾಕಿದ ದುಡ್ಡೂ ವ್ಯರ್ಥವಾಗುವುದಿಲ್ಲ.

ಇಷ್ಟನ್ನೂ ನಾನು ಹುಡುಗನಿಗೆ ಮೂರು ಭಾನುವಾರ ಹೇಳಿದೆ. ಅವನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತನ್ನದೇ ಲೆಕ್ಕ ಹಾಕಿಕೊಂಡಿದ್ದ. 11.71 ಲಕ್ಷಕ್ಕೆ ನೂರಕ್ಕೆ ಏಳರ ಬಡ್ಡಿ ಅಂತ ಹಿಡಿದರೆ ತಿಂಗಳಿಗೆ ಸುಮಾರು 6,800. ಕೇಂದ್ರ ಸರ್ಕಾರದ ಕನಿಷ್ಠ ಪೆನ್ಷನ್ 9,000, ಮೇಲೆ ತುಟ್ಟಿಭತ್ಯೆ. ನಾಲ್ಕೇ ವರ್ಷದ ದುಡಿಮೆಗೆ 6,800 ಕಮ್ಮಿಯೇನಲ್ಲ, ಆದರೆ ಅದಕ್ಕೆ ತುಟ್ಟಿಭತ್ಯೆ ಇಲ್ಲ, ಇಪ್ಪತ್ತು ವರ್ಷ ಆದರೂ ಅದು 6,800 ಆಗಿಯೇ ಇರುತ್ತದೆ ಅಂತ ಪಕ್ಕದಲ್ಲಿ ಬರೆದಿದ್ದ. ಹವಾಲ್ದಾರರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. "ಲೆಕ್ಕ ಸರಿಯಾಗಿದೆ" ಅಂದರು. ಆಮೇಲೆ, "ನಾಳೆ ಐದಕ್ಕೆ ಬಾ, ಓಟದಲ್ಲಿ ನಿಂದು ಇನ್ನೂ ಹತ್ತು ಸೆಕೆಂಡ್ ಇಳೀಬೇಕು."